ಸಾಲ ಮಾಡದೆ ಚರ್ಚ್ ಮದುವೆ ಮಾಡುವುದು ಹೇಗೆ

ಚರ್ಚ್‌ನಲ್ಲಿ ಮದುವೆ ಆಗೋದಕ್ಕೆ ಖರ್ಚು ಕಡಿಮೆ. ಹುಡುಗ, ಹುಡುಗಿ, ಇಬ್ಬರು ಸಾಕ್ಷಿಗಳು, ಒಬ್ಬ ಗುರುಗಳು ಇದ್ದರೆ ಆಯಿತು. ಸಾಲ ಶುರುವಾಗುವುದು ಚರ್ಚ್ ಮೆಟ್ಟಿಲು ಇಳಿದು ಹಾಲ್ ಕಡೆ ಹೊರಟಾಗ. ಈಗಂತೂ ಪ್ರೀ ವೆಡ್ಡಿಂಗ್ ಶೂಟ್‌ಗೆ ಡ್ರೋನ್ ಬಂದಾಗಲೇ ಶುರುವಾಗಿರುತ್ತದೆ. ಮಂಗಳೂರು, ಉಡುಪಿ ಕಡೆಯ ಕಥೋಲಿಕರ ಮದುವೆಗಳನ್ನು ಮನಸ್ಸಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಿಎಸ್‌ಐ ಅಥವಾ ಬೇರೆ ಸಭೆಯವರಿಗೆ ನಿಯಮ ಸ್ವಲ್ಪ ಬೇರೆ ಇರಬಹುದು, ಖರ್ಚಿನ ಕಥೆ ಮಾತ್ರ ಎಲ್ಲರದ್ದೂ ಒಂದೇ.

ಹಾಲ್ ಬುಕ್ ಮಾಡುವ ಮೊದಲು ಫಾದರ್ ಹತ್ತಿರ ಹೋಗಿ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ, ಹಾಲ್ ಸಿಕ್ಕ ದಿನವೇ ಮದುವೆ ದಿನ. ಅಡ್ವಾನ್ಸ್ ಕೊಟ್ಟ ಮೇಲೆ ನೋಡಿದರೆ ಅದು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳದ ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಬಿದ್ದಿರುತ್ತದೆ, ಇಲ್ಲವೇ ಮದುವೆ ತಯಾರಿ ಕೋರ್ಸ್ ಮುಗಿದಿರುವುದಿಲ್ಲ, ಅದೂ ಇಲ್ಲದಿದ್ದರೆ ಹುಡುಗನ ಜ್ಞಾನಸ್ನಾನದ ಸರ್ಟಿಫಿಕೇಟ್ ಮುಂಬೈಯ ಯಾವುದೋ ಚರ್ಚ್‌ನಿಂದ ಬರಬೇಕಿರುತ್ತದೆ. ಇಂಥವರ ಮದುವೆ ಇದೆ ಅಂತ ಚರ್ಚ್‌ನಲ್ಲಿ ಪ್ರಕಟಣೆ ಓದುವುದಕ್ಕೂ ಸಾಮಾನ್ಯವಾಗಿ ಮೂರು ಭಾನುವಾರ ಬೇಕು. ಮೂರು ನಾಲ್ಕು ತಿಂಗಳು ಮೊದಲೇ ಮಾತಾಡಿದರೆ ಗಡಿಬಿಡಿ ಇಲ್ಲ, ಕಳೆದುಕೊಳ್ಳುವ ಅಡ್ವಾನ್ಸೂ ಇಲ್ಲ.

ಬೀಚ್ ರೆಸಾರ್ಟ್‌ನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಮದುವೆ ಆಗಬೇಕು ಅನ್ನುವ ಆಸೆ ಇದ್ದರೆ ಅದನ್ನೂ ಈಗಲೇ ಹೇಳಿಬಿಡಿ. ಇಬ್ಬರೂ ಕಥೋಲಿಕರಾದರೆ ಮದುವೆ ಧರ್ಮಕೇಂದ್ರದ (ಪ್ಯಾರಿಷ್‌ನ) ಚರ್ಚ್‌ನಲ್ಲೇ ಆಗಬೇಕು ಅನ್ನುತ್ತದೆ ಚರ್ಚ್ ಕಾನೂನಿನ 1118ನೇ ನಿಯಮ. ಚರ್ಚ್ ಅಲ್ಲದ ಜಾಗಕ್ಕೆ ಧರ್ಮಪ್ರಾಂತ್ಯದ (ಬಿಷಪರ) ಅನುಮತಿ ಬೇಕು, ಅದು ಕೇಳಿದವರಿಗೆಲ್ಲ ಸಿಗುವುದಿಲ್ಲ. ದೇಶದ ಕಾನೂನೂ ಒಂದಿದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಮದುವೆಗೆ ಬೆಳಿಗ್ಗೆ 6ರಿಂದ ಸಂಜೆ 7ರವರೆಗಿನ ಸಮಯ ಹೇಳುತ್ತದೆ, ಅದರಾಚೆಗೆ ಹೋಗಬೇಕಾದರೆ ವಿಶೇಷ ಅನುಮತಿ ಬೇಕು.

ಈಗ ನಿಜವಾದ ಕೆಲಸ. ಒಂದು ಹಾಳೆ ತೆಗೆದುಕೊಳ್ಳಿ, ಇಬ್ಬರೂ ಒಟ್ಟಿಗೆ ಕೂತು ಎಲ್ಲ ಖರ್ಚೂ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದು ಊಟಕ್ಕೆ ಬಂದವರಿಗಾ, ಕ್ಯಾಮೆರಾಗಾ? ಸನ್ನ, ಬಫಾತ್, ಚಿಕನ್ ಸುಕ್ಕ ಬಂದವರಿಗೆ. ವಯಸ್ಸಾದವರು ಕೂರುವುದಕ್ಕೆ ಜಾಸ್ತಿ ಕುರ್ಚಿ, ಘಟ್ಟದ ಮೇಲಿಂದ ಬರುವವರಿಗೆ ಬಸ್ಸು, ಇವೂ ಬಂದವರಿಗೆ. ಹೊಗೆ ಬಿಡುವ ಮೆಷಿನ್, ವಧುವಿನ ಎಂಟ್ರಿಗೆ ಸಿಡಿಯುವ ಕೋಲ್ಡ್ ಪೈರೋ, ಬರೀ ಫೋಟೋಗೆ ಇಟ್ಟ ಐದು ಮಹಡಿಯ ಥರ್ಮೋಕೋಲ್ ಕೇಕ್ (ಕತ್ತರಿಸುವುದು ಮಾತ್ರ ಕೆಳಗಿನ ಒಂದು ತುಂಡು), ಇವೆಲ್ಲ ಕ್ಯಾಮೆರಾಗೆ. ಕ್ಯಾಮೆರಾ ಪಟ್ಟಿಯಲ್ಲಿ ಇಬ್ಬರಿಗೂ ನಿಜವಾಗಿ ಇಷ್ಟ ಇರುವ ಒಂದೋ ಎರಡೋ ಇಟ್ಟುಕೊಳ್ಳಿ, ಮಿಕ್ಕಿದ್ದು ಹೊಡೆದುಹಾಕಿ. ಫೋಟೋನೇ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಉಂಗುರ ಹಾಕುವಾಗ ಪೀಠದ ಮುಂದೆ ನಾಲ್ಕು ಜನ ವಿಡಿಯೋದವರು ಅಡ್ಡ ನಿಂತರೆ ನಿಮ್ಮ ಸ್ವಂತ ಅಜ್ಜಿಗೇ ಏನೂ ಕಾಣುವುದಿಲ್ಲ, ಅಲ್ವಾ?

ಸರಳ ಮದುವೆ ಅಂದ ತಕ್ಷಣ ಊಟಕ್ಕೆ ಕತ್ತರಿ ಹಾಕುವವರಿದ್ದಾರೆ. ಅದು ತಪ್ಪು ಜಾಗ. ಯೊವಾನ್ನನ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಕಾನಾ ಊರಿನ ಮದುವೆ ಓದಿ. ದ್ರಾಕ್ಷಾರಸ ಮುಗಿದಾಗ ಯೇಸು ಆರು ಕಲ್ಲಿನ ಬಾನಿಗಳಲ್ಲಿ ನೀರು ತುಂಬಿಸಿದರು, ಒಂದೊಂದು ಹತ್ತಿರ ಹತ್ತಿರ ನೂರು ಲೀಟರ್ ಹಿಡಿಯುವಂಥದ್ದು. ಅಳತೆ ನೋಡಿದರೆ ಅದು ಜಿಪುಣರ ಮದುವೆ ಖಂಡಿತ ಅಲ್ಲ. ಆದರೆ ಆ ರಸ ಎಲ್ಲಿಂದ ಬಂತು ಅಂತ ಔತಣದ ಮೇಲ್ವಿಚಾರಕನಿಗೇ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ನೀರು ಸೇದಿದ ಆಳುಗಳಿಗೆ. ಎಂಸಿ ಮೈಕ್ ಹಿಡಿದು ಘೋಷಿಸಲಿಲ್ಲ. ಬಂದವರ ಬಟ್ಟಲು ತುಂಬಿತು, ಮನೆಯವರ ಮಾನ ಉಳಿಯಿತು, ಅಷ್ಟೇ. ನನ್ನ ಪ್ರಕಾರ ಕ್ರೈಸ್ತ ಮದುವೆಯ ಖರ್ಚಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ರೋಸ್ ವಿಷಯಕ್ಕೆ ಬರೋಣ. ಮದುವೆ ಹಿಂದಿನ ದಿನ ತೆಂಗಿನ ಹಾಲು, ಎಣ್ಣೆ ಹಚ್ಚಿ, ವೊವಿಯೊ (ಕೊಂಕಣಿ ಮದುವೆ ಹಾಡು) ಹಾಡಿ ಹರಸುವುದು ಮನೆಯಂಗಳದ ಕೆಲಸ. ಈಗ ಅದು ಹಳದಿ, ಸಂಗೀತ್ ಎಲ್ಲ ಕಲಸಿಕೊಂಡು ಇನ್ನೊಂದು ರಿಸೆಪ್ಷನ್ ಆಗಿಬಿಟ್ಟಿದೆ. ಇನ್ನೊಂದು ಹಾಲ್, ಇನ್ನೊಂದು ಸ್ಟೇಜ್, ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ. ದುಡ್ಡು ಉಳಿಸಬೇಕಾದರೆ ಮೊದಲು ಇಲ್ಲಿ ಉಳಿಸಿ. ರೋಸ್ ಮನೆಗೆ ವಾಪಸ್ ತನ್ನಿ. ವೊವಿಯೊ ಗೊತ್ತಿರುವ ಹಿರಿಯರನ್ನು ಮುಂದೆ ಕೂರಿಸಿ, ಗುಮಟೆ ಬಾರಿಸುವವರಿದ್ದರೆ ಕರೆಯಿರಿ, ತೆಂಗಿನಕಾಯಿ ತುರಿಯುವ ಕೆಲಸ ನೆರೆಮನೆಯವರಿಗೆ ಹಂಚಿ. ಡಿಜೆ ಬೇಕೇ ಬೇಕು ಅಂತ ಹುಡುಗರು ಹಟ ಹಿಡಿದರೆ ರಾತ್ರಿ 10ಕ್ಕೆ ಬಂದ್ ಅಂತ ಮೊದಲೇ ಹೇಳಿ. ಕಾನೂನೂ ಅದನ್ನೇ ಹೇಳುತ್ತದೆ, ಬೆಳಿಗ್ಗೆ ಚರ್ಚ್ ಪೂಜೆಗೆ (ಮಾಸ್‌ಗೆ) ನೀವೂ ಏಳಬೇಕು. ಪೋಪ್ ಫ್ರಾನ್ಸಿಸ್ ಕುಟುಂಬದ ಬಗ್ಗೆ 2016ರಲ್ಲಿ ಬರೆದ ಪತ್ರದಲ್ಲಿ ಇದನ್ನೇ ಹೇಳಿದ್ದರು: ಬಟ್ಟೆ, ಆಮಂತ್ರಣ, ಪಾರ್ಟಿ ಅಂತ ಓಡಾಡಿ ಮದುವೆ ಹೊತ್ತಿಗೆ ಜೋಡಿ ಸುಸ್ತಾಗಿರುತ್ತದೆ, ಬೇರೆ ಥರ ಮಾಡುವ ಧೈರ್ಯ ತೋರಿಸಿ ಅಂತ.

ಕಷ್ಟ ಇರುವುದು ಅಪ್ಪ ಅಮ್ಮನನ್ನು ಒಪ್ಪಿಸುವುದರಲ್ಲಿ. 'ಜನ ಏನಂತಾರೆ' ಅನ್ನುವ ಮಾತು ಬಂದೇ ಬರುತ್ತದೆ. ಆಗ ಆದರ್ಶದ ಭಾಷಣ ಬೇಡ, ಅವರಿಗೆ ನೀವು ಉಪದೇಶಿ ಥರ ಕಾಣುತ್ತೀರಿ. ಹಾಳೆ ತೋರಿಸಿ. "ಡ್ಯಾಡಿ, ಇಷ್ಟಕ್ಕೆ ಸೊಸೈಟಿಯಲ್ಲಿ ಸಾಲ ತೆಗೆದರೆ ಇಷ್ಟು ವರ್ಷ ಕಂತು, ಕಟ್ಟುವುದು ನಾನು, ನನಗೆ ಬೇಡ" ಅಂತ ಲೆಕ್ಕದಲ್ಲೇ ಹೇಳಿ. ಒಂದೆರಡು ವಿಷಯದಲ್ಲಿ ಅವರ ಮಾತು ನಡೆಯಲಿ. ಮಮ್ಮಿಗೆ ಬ್ರಾಸ್ ಬ್ಯಾಂಡ್ ಬೇಕಾದರೆ ಇರಲಿ ಬಿಡಿ.

ಆದರೆ ಒಂದು ವಿಷಯದಲ್ಲಿ ಮಾತ್ರ ಬಗ್ಗಬೇಡಿ. ವರದಕ್ಷಿಣೆ ನಮ್ಮಲ್ಲಿ ಇಲ್ಲ ಅಂತ ಸುಮ್ನೆ ಹೇಳಿಕೊಳ್ಳುತ್ತೇವೆ. 'ಅವರಾಗಿಯೇ ಕೊಟ್ಟರು', 'ರಿಸೆಪ್ಷನ್ ಖರ್ಚು ಹುಡುಗಿ ಕಡೆಯವರದ್ದು' ಅನ್ನುವ ಹೆಸರಲ್ಲಿ ಅದು ಬರುತ್ತದೆ. ಕೇಳಿ ಪಡೆದರೆ ಅದು 1961ರ ಕಾಯ್ದೆ ಪ್ರಕಾರ ಅಪರಾಧ, ಕೊಟ್ಟವರಿಗೂ ತೆಗೆದುಕೊಂಡವರಿಗೂ ಕನಿಷ್ಠ ಐದು ವರ್ಷ ಶಿಕ್ಷೆ. ಯಾರೂ ಕೇಳದೆ ಬಂದ ಉಡುಗೊರೆಗಳನ್ನೂ ಪಟ್ಟಿ ಮಾಡಿ ಸಹಿ ಹಾಕಿಡಬೇಕು ಅನ್ನುತ್ತವೆ 1985ರ ನಿಯಮಗಳು. ಖರ್ಚನ್ನು ಎರಡೂ ಮನೆಯವರು ಅರ್ಧರ್ಧ ಹಂಚಿಕೊಳ್ಳಲಿ. ಈ ಮಾತನ್ನು ಹುಡುಗನೇ ಎತ್ತಬೇಕು, ಹುಡುಗಿ ಎತ್ತಿದರೆ ಅವಳಿಗೆ 'ಬಾಯಿ ಜೋರು' ಅನ್ನುವ ಹೆಸರು ಬರುತ್ತದೆ.

ಅತಿಥಿಗಳ ಪಟ್ಟಿ ಬರೆಯುವಾಗ ಲೂಕನ 14ನೇ ಅಧ್ಯಾಯ ಒಮ್ಮೆ ಓದಿಕೊಳ್ಳಿ. ಔತಣಕ್ಕೆ ಶ್ರೀಮಂತ ನೆರೆಯವರನ್ನು ಕರೆಯಬೇಡಿ, ಬಡವರನ್ನು ಕರೆಯಿರಿ ಅಂತ ಯೇಸು ಹೇಳಿದ್ದು ಅಲ್ಲಿಯೇ. ಅದನ್ನು ಪೂರ್ತಿ ಪಾಲಿಸಿದರೆ ನೆಂಟರೆಲ್ಲ ಮುನಿಸಿಕೊಳ್ಳುತ್ತಾರೆ, ನಿಜ. ಎರಡು ಟೇಬಲ್ ಆದರೂ ಸಾಧ್ಯ. ಬಡವರಿಗೆ ನೆರವಾಗುವ ಧರ್ಮಕೇಂದ್ರದ ವಿನ್ಸೆಂಟ್ ದ ಪಾವ್ಲ್ ಸಭೆಯವರನ್ನು ಕೇಳಿದರೆ ಯಾವ ಮನೆಗಳನ್ನು ಕರೆಯಬಹುದು ಅಂತ ಹೇಳುತ್ತಾರೆ. ಕರೆದರೆ ಕಾರ್ಡ್ ಕೊಟ್ಟೇ ಕರೆಯಿರಿ, ಎಲ್ಲರ ಜೊತೆಯೇ ಕೂರಿಸಿ. ಮಿಕ್ಕಿದ ಅನ್ನವನ್ನು ರಾತ್ರಿ ಹನ್ನೊಂದಕ್ಕೆ ಆಶ್ರಮಕ್ಕೆ ಕಳಿಸುವುದನ್ನು ಇದಕ್ಕೆ ಸೇರಿಸಬೇಡಿ.

ಕೊನೆಗೆ ಎಲ್ಲರೂ ಮರೆಯುವ ಒಂದು ಕೆಲಸ. ಪೂಜೆ ಮುಗಿದು ರಿಜಿಸ್ಟರ್‌ಗೆ ಸಹಿ ಹಾಕುವಾಗ ಫೋಟೋಗ್ರಾಫರ್ ಕಡೆ ನೋಡುತ್ತಾ ನಿಲ್ಲಬೇಡಿ. ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಬರೆದಿದ್ದಾರಾ ಅಂತ ಓದಿ. ಗಲ್ಫ್‌ಗೆ ಹೋಗುವವರಾದರೆ ಇನ್ನೂ ಹುಷಾರಾಗಿ ಓದಿ, ಒಂದು ಅಕ್ಷರ ತಪ್ಪಿದರೂ ವೀಸಾ ಹೊತ್ತಿಗೆ ಮತ್ತೆ ಚರ್ಚ್ ಆಫೀಸಿಗೆ ಓಡಬೇಕಾಗುತ್ತದೆ.