ಹೊಳೆ ದಂಡೆಗೆ ಹಳಿ ಹಾಕಿದೆ, ಮೋಟಾರು ಉಳಿಯಿತು

2019ರ ಆಗಸ್ಟ್ ಮಹಾಪೂರದಲ್ಲಿ ಕೃಷ್ಣೆ ನನ್ನ ನೀರೆತ್ತುವ 15 ಎಚ್‌ಪಿ ಮೋಟಾರು, ಸ್ಟಾರ್ಟರ್ ಪೆಟ್ಟಿಗೆ, ಕೇಬಲ್ ಎಲ್ಲ ನುಂಗಿತು. ರಿವೈಂಡಿಂಗ್ (ಮೋಟಾರಿನ ತಂತಿ ಮತ್ತೆ ಸುತ್ತಿಸುವುದು), ಹೊಸ ಪೈಪು ಸೇರಿ ಹತ್ತಿರ ಹತ್ತಿರ 70 ಸಾವಿರ ಹೋಯಿತು. ಕಬ್ಬಿನ ಲೆಕ್ಕ ಬೇರೆ. ಅಥಣಿ ಕಡೆಯ ದಂಡೆಯವರಿಗೆ ಇದೇನು ಹೊಸದಲ್ಲ ಬಿಡಿ, 2005ರಲ್ಲೂ ಇದೇ ಗೋಳು.

ಮೊದಲು ಪ್ಲಾಸ್ಟಿಕ್ ಡ್ರಮ್ ಕಟ್ಟಿ ತೆಪ್ಪ ಮಾಡಿ, ಮೋಟಾರನ್ನು ಅದರ ಮೇಲೆ ಕೂರಿಸಿದೆ. ಬೇಸಿಗೆಯಲ್ಲಿ ಚಲೋ ನಡೆಯಿತು. ಮಳೆಗಾಲದ ಮೊದಲ ಕೆಂಪು ನೀರಲ್ಲೇ ತೇಲಿ ಬಂದ ಜಾಲಿ ಮರವೊಂದು ಬಡಿದು ಡೆಲಿವರಿ ಪೈಪು ಕಿತ್ತುಹೋಯಿತು. ಹದಿನೆಂಟು ಸಾವಿರ ನೀರುಪಾಲು.

ಆಮೇಲೆ ದಂಡೆಯ ಇಳಿಜಾರಿಗೆ ಹಳಿ ಹಾಕಿದೆ. ನಾಲ್ಕು ಗಾಲಿಯ ಚಾಸಿ, ಅದರ ಮೇಲೆ ಮೋಟಾರು. ನೀರು ಏರಿದರೆ ಟ್ರ್ಯಾಕ್ಟರಿಗೆ ವೈರ್ ರೋಪ್ ಕಟ್ಟಿ ಮೇಲಕ್ಕೆ ಎಳೆಯುವುದು. "ಕಾಕಾ, ಹೊಳ್ಯಾಗ ರೈಲ ಬಿಡಾವ್ರೇನು?" ಎಂದು ಪಕ್ಕದ ಹೊಲದ ಹುಡುಗರು ನಕ್ಕರು. ಹಳಿಗೆಂದು ಹಾಕಿದ್ದ ಸಿ ಚಾನಲ್ಲಿನೊಳಗೆ (C ಆಕಾರದ ಕಬ್ಬಿಣದ ಪಟ್ಟಿ) ರಾಡಿ ತುಂಬಿ ಗಾಲಿ ಸಿಕ್ಕಿಕೊಂಡಾಗ ಇನ್ನೂ ಜಾಸ್ತಿ ನಕ್ಕರು. ಚಾನಲ್ ಕಿತ್ತು ಹಾಕಿ, L ಆಕಾರದ ಆ್ಯಂಗಲ್‌ನ ಬೆನ್ನು ಮೇಲೆ ಮಾಡಿ ಕೂರಿಸಿದೆ. ಸರಿಸುವ ಗೇಟಿಗೆ ಹಾಕುವ, ಅಂಚಿನ ನಡುವೆ ಸುತ್ತಲೂ ತೋಡು ಇರುವ ಗಾಲಿ ತಂದೆ. ಈಗ ರಾಡಿ ಎರಡೂ ಬದಿಗೆ ಜಾರಿ ಬೀಳುತ್ತದೆ. ಬೇರಿಂಗಿನೊಳಗೆ ನೀರು ಹೋಗದಂತೆ ಏನು ತುಂಬಿದೆ ಅನ್ನೋದು ಮಾತ್ರ ಇಲ್ಲಿ ಬೇಡ, ಬಂದು ನೋಡಿ. ಒಟ್ಟು ಖರ್ಚು 85–90 ಸಾವಿರ ಇರಬೇಕು.

ಎಳೆಯುವುದು ಸುಲಭ. ಯಾವಾಗ ಎಳೆಯಬೇಕು ಅನ್ನೋದೇ ಕಷ್ಟ. ಹಿಮ ಕರಗಿ ಉಬ್ಬುವ ಹೊಳೆಯಲ್ಲ ನಮ್ಮದು. ಊರಲ್ಲಿ ಬಿಸಿಲಿದ್ದರೂ ಮಹಾಬಳೇಶ್ವರದಲ್ಲಿ ಮಳೆ ಹೊಡೆದರೆ ಸಾಕು. ಎಲ್ಲರೂ ಕೊಯ್ನಾ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು, ಸಾಂಗಲಿಯ ಇರ್ವಿನ್ ಸೇತುವೆಯಲ್ಲಿ ಎಷ್ಟು ಫೂಟು ಎಂದಷ್ಟೇ ಕೇಳುತ್ತಾರೆ. ಅಲ್ಲಿ 45 ಫೂಟು ಅಪಾಯದ ಮಟ್ಟ, ಸರಿ. ಆದರೆ ಪಂಚಗಂಗೆ ಕೂಡುವುದು ಸಾಂಗಲಿ ದಾಟಿ, ನರಸೋಬಾವಾಡಿಯಲ್ಲಿ. ದೂಧಗಂಗೆ ಅದಕ್ಕೂ ಕೆಳಗೆ. ಇರ್ವಿನ್‌ನಲ್ಲಿ ನೀರು ಏರದೆ ಸುಮ್ನೆ ನಿಂತಿದ್ದರೂ ನಮ್ಮ ದಂಡೆ ಏರುತ್ತದೆ. ಹಾಗಾಗಿ ನಾನು ನರಸೋಬಾವಾಡಿಯ ಕೆಳಗಿನ ರಾಜಾಪುರ ಬ್ಯಾರೇಜಿನ ಕ್ಯುಸೆಕ್ಸಿಗೆ (ಸೆಕೆಂಡಿಗೆ ಹರಿಯುವ ಘನ ಅಡಿ ನೀರು) ದೂಧಗಂಗೆಯದನ್ನು ಕೂಡಿಸುತ್ತೇನೆ. ದೂಧಗಂಗೆ ಕೃಷ್ಣೆಗೆ ಕೂಡುವ ಕಲ್ಲೋಳದ ಹತ್ತಿರ ಬರುವ ಒಟ್ಟು ನೀರು ಅದೇ. ಆ ಮೊತ್ತ ಎಷ್ಟಾದರೆ ನಮ್ಮಲ್ಲಿ ಎಷ್ಟನೇ ಗುರುತು ಅಂತ, ದಂಡೆಯಲ್ಲಿ ನೀರೆತ್ತಲು ಕಟ್ಟಿದ ಬಾವಿ, ಅಂದರೆ ಜಾಕ್‌ವೆಲ್ ಗೋಡೆಗೆ ಬಣ್ಣ ಬಳಿದಿದ್ದೇನೆ. ಮೂರನೇ ಗುರುತಿಗೆ ಪೈಪಿನ ಬೋಲ್ಟು ಬಿಚ್ಚುತ್ತೇನೆ, ನಾಲ್ಕಕ್ಕೆ ಕಾಯುವುದಿಲ್ಲ.

2021ರ ಜುಲೈನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಎಳೆದೆವು. ಹೆಚ್ಚೆಂದರೆ ಮುಕ್ಕಾಲು ತಾಸು. ಬೆಳಿಗ್ಗೆ ಹಳಿ ಕಾಣಲಿಲ್ಲ. ನಕ್ಕವರ ಮೋಟಾರು ರಿವೈಂಡಿಂಗಿಗೆ ಹೋದವು, ನನ್ನದು ಕೊಟ್ಟಿಗೆಯಲ್ಲಿತ್ತು. 2024ರಲ್ಲೂ ಅಷ್ಟೇ. ಅವರಲ್ಲಿ ಇಬ್ಬರು ಈಗ ಗಾಲಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ!

ನಡುವೆ ಕಬ್ಬಿನ ಮೇಲೂ ಒಂದು ಪ್ರಯೋಗ ಮಾಡಿದೆ. ತಗ್ಗಿನ ಅರ್ಧ ಎಕರೆಯನ್ನು ಬೇಗ ನಾಟಿ ಮಾಡಿ ಎತ್ತರ ಬೆಳೆಸಿದೆ. ಸುಳಿ ನೀರಿನ ಮೇಲಿದ್ದ ಸಾಲು ಉಳಿಯಿತು, ಮುಳುಗಿದ ಸಾಲಿನ ಸುಳಿ ಕೊಳೆಯಿತು. ಟನ್ನಿನ ಲೆಕ್ಕದಲ್ಲಿ ಅಂಥ ಲಾಭವೇನೂ ಆಗಲಿಲ್ಲ.

ನೀರು ಇಳಿಯಿತೆಂದು ಮೋಟಾರು ಕೂಡಲೇ ಕೆಳಗೆ ಬಿಡಬೇಡಿ. ಆಗಸ್ಟ್ ಹೊತ್ತಿಗೆ ಮೇಲಿನ ಡ್ಯಾಮುಗಳು ತುಂಬಿರುತ್ತವೆ, ಒಂದು ಮಳೆ ಜೋರಾದರೂ ಗೇಟು ಎತ್ತುತ್ತಾರೆ. ನಾನಂತೂ ಗಣಪತಿ ಹಬ್ಬ ಮುಗಿಯುವವರೆಗೆ ರೋಪ್ ಬಿಚ್ಚುವುದಿಲ್ಲ.