ಎಣ್ಣೆ ಹಾಕುವ ಮೊದಲು ಒರೆಸಿ ಮಾರಾಯ್ರೆ

ಕೆಸರು ಮೆತ್ತಿದ ಚೈನಿನ ಮೇಲೆ ಎಣ್ಣೆ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪಕ್ಕದ ಮನೆ ಹುಡುಗ ಮೊನ್ನೆ ಅದನ್ನೇ ಮಾಡಿದ. ಸೈಕಲ್ಲು ಕಿರಕಿರ ಅನ್ನುತ್ತಿದೆ ಅಂತ ಬೈಕಿನ ಎಣ್ಣೆ ಡಬ್ಬ ತಂದು ಮೇಲಿಂದ ಧಾರೆ ಎರೆದ. ಸದ್ದೇನೋ ನಿಂತಿತು. ನಾಲ್ಕು ದಿನ ಕಳೆದು ನೋಡಿದರೆ ಚೈನಿನ ಕೊಂಡಿಗಳೇ ಕಾಣುತ್ತಿಲ್ಲ, ಪ್ಯಾಂಟಿನ ಕಾಲೆಲ್ಲ ಕಪ್ಪು. ಅವನಮ್ಮ ಬಂದು ಕಲೆ ಹೋಗುತ್ತಿಲ್ಲ ಅಂತ ನನ್ನ ಹತ್ತಿರ ಅಳುತ್ತಾಳೆ.

ನಮ್ಮ ಕಡೆಯ ಮಣ್ಣು ಗೊತ್ತಲ್ಲ. ಜಂಬಿಟ್ಟಿಗೆಯ ಕೆಂಪು ಮಣ್ಣು, ಅದರ ತುಂಬ ಸಣ್ಣ ಹರಳು. ಅದಕ್ಕೆ ಎಣ್ಣೆ ಸೇರಿತೋ, ಸಾಣೆ ಹಿಡಿಯುವ ಪುಡಿಯ ಹಾಗೆ ಪಿನ್ನು, ಹಲ್ಲು ಎಲ್ಲವನ್ನೂ ತೇಯುತ್ತದೆ. ಎಣ್ಣೆಯಿಲ್ಲದೆ ಹಾಳಾಗುವ ಸೈಕಲ್ ಎಷ್ಟೋ, ಕೊಳೆಯ ಮೇಲೆ ಎಣ್ಣೆ ಹಾಕಿಸಿಕೊಂಡು ಹಾಳಾಗುವ ಸೈಕಲ್ ಅದಕ್ಕಿಂತ ಜಾಸ್ತಿ.

ನನಗೆ ಇದನ್ನೆಲ್ಲ ಕಲಿಸಿದ್ದು ಅಪ್ಪಯ್ಯ. ತೀರ್ಥಹಳ್ಳಿ ಪೇಟೆಗೆ ಹೋಗಬೇಕೆಂದರೆ ಅವರಿಗೆ ಸೈಕಲ್ಲೇ ಗತಿ. ಆರಿದ್ರಾ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದರೂ ಮೊದಲು ತಲೆ ಒರೆಸಿಕೊಳ್ಳುತ್ತಿರಲಿಲ್ಲ. ಸೈಕಲ್ಲನ್ನು ಜಗಲಿಗೆ ಹತ್ತಿಸಿ, ಹಳೇ ಪಂಚೆಯ ಚೂರಿನಲ್ಲಿ ಚೈನು, ರಿಮ್ಮು, ಹ್ಯಾಂಡಲ್ ಒರೆಸಿ ಆಮೇಲೆಯೇ ಕಾಫಿ. ಅಮ್ಮ ಒಳಗಿನಿಂದ ಗೊಣಗುತ್ತಿದ್ದರು. ಈಗಿನವರು ಒದ್ದೆ ಸೈಕಲ್ಲನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಒಳಗೆ ಹೋಗಿ ಮೊಬೈಲ್ ಹಿಡಿಯುತ್ತಾರೆ. ಕೊಟ್ಟಿಗೆಯ ಗೋಡೆ ಮಳೆಗಾಲದಲ್ಲಿ ಎಂದಾದರೂ ಒಣಗಿದ್ದುಂಟಾ? 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಗ ಬಂದ ಒಳ್ಳೊಳ್ಳೆ ಸೈಕಲ್ಲುಗಳು ಎಷ್ಟೋ ಮನೆಯ ಸೌದೆ ರಾಶಿಯ ಹಿಂದೆ ತುಕ್ಕು ತಿನ್ನುತ್ತಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ತೊಳೆಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೊಂಬಿನಲ್ಲಿ ನೀರು ಹೊಯ್ದು, ಮಣ್ಣು ನೆನೆದ ಮೇಲೆ ಬಟ್ಟೆಯಲ್ಲಿ ಇಳಿಸಿ. ಒಣಮಣ್ಣನ್ನು ಹಾಗೇ ಉಜ್ಜಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಬೈಕು, ಕಾರು ತೊಳೆಯುವ ಕಡೆ ಕೊಂಡುಹೋಗಿ ರಭಸದ ಪೈಪು ಹಿಡಿಸಬೇಡಿ. ಆ ನೀರು ಚಕ್ರದ ನಡುವಿನ ಹಬ್ಬಿನ ಒಳಗೆ, ಪೆಡಲ್ ತಿರುಗುವ ನಡುಭಾಗದ ಒಳಗೆ ನುಗ್ಗಿ ಗ್ರೀಸನ್ನು ಕೆಡಿಸುತ್ತದೆ. ಹೊರಗೆ ಫಳಫಳ, ಒಳಗೆ ತುಕ್ಕು.

ಚೈನಿಗೆ ಮಾತ್ರ ನೀರು ಸಾಲದು. ಚಿಮಣಿ ಎಣ್ಣೆ ಬೇಕು. ಈಗ ಅದು ಸಿಗುವುದೇ ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ. ಪೆಟ್ರೋಲ್ ಬೇಡವೇ ಬೇಡ. ಯಾವುದಾದರೂ ಬಚ್ಚಲ ಒಲೆಯ ಹತ್ತಿರ ಕೂತು ಮಾಡಬೇಡಿ, ಅಂಗಳದಲ್ಲಿ ಮಾಡಿ. ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಚೈನಿನ ಎರಡು ಬದಿ, ಮೇಲೆ, ಕೆಳಗೆ ತಿಕ್ಕಿ. ಹಲ್ಲುಚಕ್ರದ ಸಂದಿಯ ಜಿಡ್ಡನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ. ಗೇರಿನ ಸೈಕಲ್ ಆದರೆ ಹಿಂದಿನ ಪುಟ್ಟ ಚಕ್ರಗಳೆರಡರಲ್ಲಿ ಇನ್ನೂ ಹೆಚ್ಚು ಕೂತಿರುತ್ತದೆ. ಆಮೇಲೆ ಒಣಗಲು ಬಿಡಿ. ಬಿಸಿಲಿದ್ದರೆ ಒಂದು ಹೊತ್ತು, ಮಳೆಗಾಲವಾದರೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಗಾಳಿಯಾಡುವ ಕಡೆ ಒಂದು ರಾತ್ರಿ. ನೀರು ಕೂತ ಜಾಗಕ್ಕೆ ಎಣ್ಣೆ ಇಳಿಯುವುದಿಲ್ಲ.

ಈಗ ಎಣ್ಣೆಯ ವಿಷಯ. ದಯವಿಟ್ಟು ತೆಂಗಿನೆಣ್ಣೆ ಹಾಕಬೇಡಿ. ನಮ್ಮಲ್ಲಿ ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲೇ ಗಟ್ಟಿಯಾಗುವ ಎಣ್ಣೆ ಅದು, ಚೈನಿನ ಒಳಗೆ ಏನು ಓಡೀತು? ಬೇಸಿಗೆಯಲ್ಲಿ ಅಂಟು ಬರುತ್ತದೆ. ತೆಂಗಿನೆಣ್ಣೆಯ ಜಾಗ ಅಡುಗೆಮನೆಯ ಮೆಟ್ಟುಕತ್ತಿ. ಅದಕ್ಕೆ ಮಾತ್ರ ಯಾರೂ ಹಚ್ಚುವುದಿಲ್ಲ! ಹಲಸಿನಕಾಯಿ ಹೆಚ್ಚಿ, ನೀರು ತೋರಿಸಿ, ಹಾಗೇ ಮೂಲೆಗೆ ಇಡುತ್ತಾರೆ. ಮಾರನೇ ದಿನ ಅಲಗಿನ ಮೇಲೆ ಕೆಂಪು ಚುಕ್ಕೆ. ಒರೆಸಿ, ಒಲೆ ಪಕ್ಕ ಸ್ವಲ್ಪ ಕಾಯಿಸಿ, ಬೆರಳಿನಲ್ಲಿ ಒಂದು ಸಲ ಎಣ್ಣೆ ಸವರಿಡಲು ಎಷ್ಟು ಹೊತ್ತು ಬೇಕು? ಇರಲಿ, ಸೈಕಲ್ಲಿಗೆ ಬರೋಣ.

ಮಳೆಗಾಲಕ್ಕೆ ದಪ್ಪನೆಯ ಎಂಜಿನ್ ಆಯಿಲ್. ಹೊಸದು, ಗ್ಯಾರೇಜಿನಲ್ಲಿ ಇಳಿಸಿದ ಕಪ್ಪು ಎಣ್ಣೆಯಲ್ಲ. ಆ ಕಪ್ಪು ಎಣ್ಣೆಯಲ್ಲಿ ಸವೆದ ಕಬ್ಬಿಣದ ಚೂರಿರುತ್ತದೆ, ಸುಮ್ನೆ ಸಿಗುತ್ತದೆ ಅಂತ ತರಬೇಡಿ. ಬೇಸಿಗೆಯಲ್ಲಿ ಧೂಳು ಜಾಸ್ತಿ, ಆಗ ಹೊಲಿಗೆ ಮಿಷನ್ನಿನ ತೆಳು ಎಣ್ಣೆ ಸಾಕು. ಅದೇ ತೆಳು ಎಣ್ಣೆ ಆಗುಂಬೆ ಕಡೆಯ ಮಳೆಗೆ ಎರಡು ದಿನ ನಿಲ್ಲುವುದಿಲ್ಲ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಅದರ ಎದುರು ನಿಮ್ಮ ಒಂದು ತೊಟ್ಟು ಎಷ್ಟು ಹೊತ್ತು ಇದ್ದೀತು?

ಹಾಕುವ ಕ್ರಮ ಕೇಳಿ. ನಾನು ಇದೊಂದನ್ನು ಯಾರು ನಕ್ಕರೂ ಬಿಟ್ಟಿಲ್ಲ.

ಚೈನಿನಲ್ಲಿ ತಿಕ್ಕಾಟ ನಡೆಯುವುದು ಹೊರಗಲ್ಲ, ಒಳಗೆ. ಅರ್ಧ ಇಂಚಿಗೊಂದು ಪಿನ್ನು, ಅದರ ಸುತ್ತ ಒಂದು ಪುಟ್ಟ ರೋಲರ್. ಎಣ್ಣೆ ಬೇಕಾಗಿರುವುದು ಈ ರೋಲರಿನ ಒಳಗೆ. ಹೊರಗಿನ ಪಟ್ಟಿಗೆ ಬಳಿದದ್ದು ಧೂಳು ಹಿಡಿಯಲು ಮಾತ್ರ. ಹಾಗಾಗಿ ಒಂದು ರೋಲರಿಗೆ ಒಂದೇ ತೊಟ್ಟು. ಮೊದಲು ಚೈನ್ ಲಾಕ್ ಹುಡುಕಿ. ಕ್ಲಿಪ್ ಇರುವ ಆ ಒಂದು ಕೊಂಡಿಗೆ ಬಣ್ಣದ ದಾರ ಕಟ್ಟಿ, ಎಲ್ಲಿ ಶುರು ಮಾಡಿದಿರಿ ಅಂತ ಗೊತ್ತಾಗಬೇಕಲ್ಲ. ಕಡ್ಡಿ ಪೊರಕೆಯಿಂದ ದಪ್ಪನೆಯ ಒಂದು ಕಡ್ಡಿ ಮುರಿದುಕೊಳ್ಳಿ. ತುದಿಯನ್ನು ಉಗುರಿನಷ್ಟು ಮಾತ್ರ ಎಣ್ಣೆಗೆ ಅದ್ದಿ. ಮೇಲೆತ್ತಿದಾಗ ತುದಿಯಲ್ಲಿ ತೊಟ್ಟು ತೂಗಬೇಕು, ಬೀಳಬಾರದು. ಬಿದ್ದರೆ ಜಾಸ್ತಿಯಾಯಿತು, ಬಟ್ಟಲಿನ ಅಂಚಿಗೆ ತಾಗಿಸಿ ಇಳಿಸಿ.

ಚೈನಿನ ಕೆಳಗಿನ ಸಾಲು ಇದೆಯಲ್ಲ, ಅದರ ಮೇಲ್ಮೈಗೆ, ಅಂದರೆ ಹಲ್ಲಿಗೆ ಕೂರುವ ಬದಿಗೆ ಕಡ್ಡಿ ತಾಗಿಸಿ. ರೋಲರು ಮತ್ತು ಪಟ್ಟಿಯ ನಡುವೆ ಕೂದಲೆಳೆಯಷ್ಟು ಸಂದಿ ಕಾಣುತ್ತದೆ. ತೊಟ್ಟು ಅಲ್ಲಿ ತಾಗಿದ ತಕ್ಷಣ ತಾನಾಗಿ ಒಳಗೆ ಹೋಗುತ್ತದೆ. ಹೋಗದೆ ಮೇಲೆಯೇ ನಿಂತರೆ ಆ ಕೊಂಡಿ ಇನ್ನೂ ಕೊಳೆಯಾಗಿದೆ ಅಂತ ಅರ್ಥ, ಅದೊಂದನ್ನು ಮತ್ತೆ ಬ್ರಷ್ ಹಾಕಿ. ಹೀಗೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಒಂದೊಂದಾಗಿ ಹೋಗಿ, ದಾರ ಬರುವ ತನಕ. ನೂರಕ್ಕೂ ಜಾಸ್ತಿ ಕೊಂಡಿ ಇರುತ್ತವೆ, ಬೇಸರ ಮಾಡಿಕೊಳ್ಳಬೇಡಿ. ಅಪ್ಪಯ್ಯ ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಕೂರುತ್ತಿದ್ದರು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ.

ದಾರ ಬಿಚ್ಚಿ. ಪೆಡಲನ್ನು ಒಂದಿಷ್ಟು ಹೊತ್ತು ಹಿಂದಕ್ಕೆ ತಿರುಗಿಸಿ. ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಎದ್ದವರು ಒಣಬಟ್ಟೆಯನ್ನು ಚೈನಿಗೆ ಸುತ್ತಿ ಮುಷ್ಟಿಯಲ್ಲಿ ಹಿಡಿದು ಪೆಡಲ್ ತಿರುಗಿಸಿ. ಬಟ್ಟೆಯ ಜಾಗ ಬದಲಿಸುತ್ತಾ ಒರೆಸಿ, ಇನ್ನೂ ಒರೆಸಿ. ಬೆರಳಿನಿಂದ ಮುಟ್ಟಿದರೆ ನುಣುಪು ಮಾತ್ರ ತಿಳಿಯಬೇಕು, ಕಪ್ಪು ಹತ್ತಬಾರದು. ಹಾಕಿದ ಎಣ್ಣೆಯನ್ನೇ ಒರೆಸಿ ತೆಗೆಯುತ್ತೀರಲ್ಲ ಅಂತ ಮೊಮ್ಮಗ ಕೇಳುತ್ತಾನೆ. ಒಳಗೆ ಹೋದದ್ದು ಒಳಗಿದೆ ಕಣೋ, ಹೊರಗಿನದು ಯಾರಿಗೆ ಬೇಕು? ಆ ಬಟ್ಟೆಯನ್ನು ಬೇರೆ ಬಟ್ಟೆಯ ಜೊತೆ ವಾಷಿಂಗ್ ಮಿಷನ್ನಿಗೆ ಹಾಕಿದರೆ ಮಾತ್ರ ನನ್ನ ಹತ್ತಿರ ಬರಬೇಡಿ.

ಬೆಂಗಳೂರಿಂದ ಬರುವ ಮಕ್ಕಳು ಸ್ಪ್ರೇ ಡಬ್ಬ ತರುತ್ತಾರೆ. ತುಕ್ಕು ಬಿಡಿಸಲು ಅದು ಒಳ್ಳೆಯದೇ. ಆದರೆ ಅದರಲ್ಲಿ ಎಷ್ಟೋ ಡಬ್ಬಗಳದ್ದು ತೀರ ತೆಳು ಎಣ್ಣೆ, ಚೈನಿನಲ್ಲಿ ನಿಲ್ಲುವುದಿಲ್ಲ, ಜೊತೆಗೆ ಇದ್ದದ್ದನ್ನೂ ತೊಳೆದುಬಿಡುತ್ತದೆ. ಹೊಡೆದ ತುಂತುರು ರಿಮ್ಮಿಗೂ ಬೀಳುತ್ತದೆ, ಡಿಸ್ಕ್ ಬ್ರೇಕಿಗೂ ಬೀಳುತ್ತದೆ. ಬ್ರೇಕ್ ಹಿಡಿಯುವ ಜಾಗಕ್ಕೆ ಎಣ್ಣೆ ತಾಗಬಾರದು ಅನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತಿರಬೇಕು ಅಲ್ವಾ? ನಮ್ಮ ಇಳಿಜಾರುಗಳಲ್ಲಿ ಬ್ರೇಕ್ ಜಾರಿದರೆ ನೆಟ್ಟಗೆ ಅಡಿಕೆ ತೋಟಕ್ಕೆ ಇಳಿಯುತ್ತೀರಿ.

ಹಿಂದಿನ ಚಕ್ರದ ಹಲ್ಲುಚಕ್ರ, ಅದೇ ಫ್ರೀವೀಲ್, ಕಟಕಟ ಅನ್ನದೆ ಮಂಕಾಗಿದ್ದರೆ ಸೈಕಲ್ಲನ್ನು ಓರೆಯಾಗಿ ಮಲಗಿಸಿ, ಚಕ್ರ ತಿರುಗಿಸುತ್ತಾ ನಡುವಿನ ಸಂದಿಗೆ ತೆಳು ಎಣ್ಣೆ ಬಿಡಿ. ಅಲ್ಲಿಗೆ ಗ್ರೀಸ್ ಹಾಕಬೇಡಿ, ಒಳಗಿನ ಸಣ್ಣ ಕೊಕ್ಕೆ ಅಂಟಿಕೊಂಡರೆ ಪೆಡಲ್ ಸುಮ್ಮನೆ ತಿರುಗುತ್ತದೆ, ಚಕ್ರ ಹೋಗುವುದಿಲ್ಲ. ಬ್ರೇಕ್ ಸರಳಿನ ಕೀಲುಗಳಿಗೆ ಒಂದೊಂದು ತೊಟ್ಟು, ಸ್ಟ್ಯಾಂಡಿನ ಕೀಲಿಗೆ ಒಂದು.

ಚೈನು ಸವೆದಿದೆಯಾ ಅಂತ ನೋಡಲು ಅಂಗಡಿಗೆ ಹೋಗಬೇಕಿಲ್ಲ. ಮಕ್ಕಳ ಸ್ಕೂಲಿನ ಅಡಿಕೋಲು ತೆಗೆದುಕೊಳ್ಳಿ. ಒಂದು ಪಿನ್ನಿನ ನಡುವಿಗೆ ಸೊನ್ನೆಯನ್ನು ಇಟ್ಟರೆ 12 ಇಂಚಿನ ಗೆರೆಗೆ ಇನ್ನೊಂದು ಪಿನ್ನಿನ ನಡು ಸರಿಯಾಗಿ ಕೂರಬೇಕು. 1/16 ಇಂಚಿನಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸಿ. 1/8 ತನಕ ಬಿಟ್ಟರೆ ಹಲ್ಲುಚಕ್ರವೂ ಹೋಯಿತು ಅಂತ ಲೆಕ್ಕ, ಖರ್ಚು ಎರಡು ಪಟ್ಟಾಯಿತು.

ಹಬ್ಬು ಬಿಚ್ಚಿ, ಒಳಗಿನ ಸಣ್ಣ ಗುಂಡುಗಳನ್ನು, ಅಂದರೆ ಬಾಲ್ಸ್ ತೊಳೆದು, ಹೊಸ ಗ್ರೀಸ್ ತುಂಬಿಸುವುದು ವರ್ಷಕ್ಕೊಮ್ಮೆ, ಮಳೆ ಹಿಂದಾದ ಮೇಲೆ. ಅದನ್ನು ಸೈಕಲ್ ಅಂಗಡಿಯವರಿಗೇ ಕೊಡಿ, ಆದರೆ ಎದುರಿಗೆ ನಿಂತು ಮಾಡಿಸಿ. ಬಾಲ್ಸಿನಲ್ಲಿ ಒಂದಕ್ಕೆ ಗುಳಿ ಬಿದ್ದಿದ್ದರೂ ಆ ಬದಿಯ ಎಲ್ಲವನ್ನೂ ಬದಲಿಸಲು ಹೇಳಿ. ಆಯುಧ ಪೂಜೆಯ ಹಿಂದಿನ ದಿನ ಹೋಗಬೇಡಿ, ಆ ಗದ್ದಲದಲ್ಲಿ ಯಾರೂ ಗಮನ ಕೊಟ್ಟು ಮಾಡುವುದಿಲ್ಲ. ಒಂದು ವಾರ ಮೊದಲೇ ಹೋಗಿ. ಇನ್ನು ಪೂಜೆಯ ದಿನ ಅರಿಶಿನ, ಕುಂಕುಮವನ್ನು ಹ್ಯಾಂಡಲ್ಲಿಗೆ ಹಚ್ಚಿ, ರಿಮ್ಮಿಗೆ ಬೇಡ. ಹೂವಿನ ಮಾಲೆಯನ್ನೂ ಚೈನಿಗೆ ತಾಗದ ಹಾಗೆ ಮೇಲೆ ಕಟ್ಟಿ.