ಭತ್ತದ ಹುಲ್ಲಿನ ರೋಲ್: ಒಣಗಿಸಿ, ಸುತ್ತಿ, ತೂಗಿ ಮಾರಿದ ನನ್ನ ಅನುಭವ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಕಾರಟಗಿ ಭಾಗದ ರೈತ ನಾನು. ನಮ್ಮ ತಂದೆಯವರ ಕಾಲದಲ್ಲಿ ಭತ್ತವನ್ನು ಕುಡುಗೋಲಿನಿಂದ ಕೊಯ್ದು, ಬಡಿದು, ಹುಲ್ಲನ್ನು ಹಿತ್ತಲಿನಲ್ಲಿ ಬಣವೆ ಒಟ್ಟುತ್ತಿದ್ದರು. ಕಟಾವು ಯಂತ್ರಗಳು ಬಂದ ಮೇಲೆ ಕಾಳು ಒಂದೇ ದಿನದಲ್ಲಿ ಚೀಲ ಸೇರಿದರೂ ಹುಲ್ಲು ಗದ್ದೆಯಲ್ಲಿಯೇ ಸಾಲಾಗಿ ಬಿದ್ದುಕೊಳ್ಳತೊಡಗಿತು. ಅದನ್ನು ಎತ್ತಲು ಆಳು ಸಿಗದೆ, ಎರಡನೇ ಬೆಳೆಯ ನಾಟಿಗೆ ಗದ್ದೆ ಖಾಲಿಯಾಗಬೇಕೆಂಬ ಅವಸರದಲ್ಲಿ ಅನೇಕರು ಬೆಂಕಿ ಹಚ್ಚುತ್ತಿದ್ದರು. ಅದೇ ಸಮಯದಲ್ಲಿ, ನಮ್ಮಿಂದ ಬಹಳ ದೂರವೇನೂ ಇಲ್ಲದ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಒಣಭೂಮಿಯವರು ದನಗಳಿಗೆ ಮೇವಿಲ್ಲದೆ ಪರದಾಡುತ್ತಿದ್ದರು. ಈ ಎರಡನ್ನೂ ಕಣ್ಣಾರೆ ಕಂಡಿದ್ದರಿಂದಲೇ ನಾನು ಹುಲ್ಲು ಸುತ್ತುವ ಕೆಲಸಕ್ಕೆ ಕೈ ಹಾಕಿದೆ.

ನಾನು ಕೊಂಡದ್ದು ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ, ಹುಲ್ಲನ್ನು ಉರುಳೆಯಾಗಿ ಸುತ್ತಿ ಕಟ್ಟುವ ಸಣ್ಣ ರೌಂಡ್ ಬೇಲರ್. ಅಮೆರಿಕ, ಯುರೋಪಿನ ದೊಡ್ಡ ಹೊಲಗಳಲ್ಲಿ ಕಾಣುವ, ಮುನ್ನೂರು ನಾನೂರು ಕಿಲೋ ತೂಗುವ ಉರುಳೆಗಳನ್ನು ಎತ್ತಲು ಲೋಡರ್ ಬೇಕೇ ಬೇಕು. ಬದುಗಳ ನಡುವಿನ ನಮ್ಮ ಸಣ್ಣ ಮಡಿಗಳಿಗೆ ಅದು ಹೊಂದುವುದಿಲ್ಲ. ನಮ್ಮ ಯಂತ್ರದ ರೋಲ್ ಸುಮಾರು ಎರಡು ಅಡಿ ಅಗಲ, ಮೂರು ಅಡಿ ಉದ್ದವಿದ್ದು, 18ರಿಂದ 25 ಕಿಲೋ ತೂಗುತ್ತದೆ. ಒಬ್ಬ ಆಳು ಅದನ್ನು ಹೆಗಲಿಗೇರಿಸಿ ಟ್ರಾಲಿಗೆ ಎಸೆಯಬಹುದು, ಒಬ್ಬ ಹೆಣ್ಣುಮಗಳು ಕೊಟ್ಟಿಗೆಯವರೆಗೆ ಉರುಳಿಸಿಕೊಂಡು ಹೋಗಬಹುದು. ಈ ಕಾರಣಕ್ಕಾಗಿಯೇ ಸಣ್ಣ ರೋಲ್ ನಮ್ಮ ಕಡೆ ನೆಲೆಯೂರಿತೆಂದು ನಾನು ತಿಳಿದಿದ್ದೇನೆ. ಎಳೆಯಲು 40 ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರ್ ಸಾಕಾಗುತ್ತದೆ. ಯಂತ್ರ ಕೊಳ್ಳಲಾಗದವರು ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ವಿಚಾರಿಸಬಹುದು.

ಈ ಕೆಲಸದಲ್ಲಿ ಎಲ್ಲವೂ ನಿಂತಿರುವುದು ಹುಲ್ಲಿನ ಒಣಗಿನ ಮೇಲೆ. ಕಟಾವಾದ ದಿನ ಭತ್ತದ ಹುಲ್ಲಿನಲ್ಲಿ ಅರ್ಧಕ್ಕೂ ಹೆಚ್ಚು ಭಾಗ ನೀರೇ ಇರುತ್ತದೆ. ರೋಲ್ ಸುತ್ತುವ ಹೊತ್ತಿಗೆ ಅದು ಶೇ 15ರ ಹತ್ತಿರಕ್ಕೆ ಇಳಿದಿರಬೇಕು. ಶೇ 20 ದಾಟಿದ ಹುಲ್ಲನ್ನು ಬಿಗಿಯಾಗಿ ಸುತ್ತಿದರೆ ಒಳಗೆ ಕಾವು ಹುಟ್ಟಿ, ಬೂಷ್ಟು ಹಿಡಿದು, ವಾರ ಕಳೆಯುವುದರೊಳಗೆ ನಡುಭಾಗ ಕಪ್ಪಾಗುತ್ತದೆ, ಮೇಲಿನ ಸುತ್ತು ಮಾತ್ರ ಹೊನ್ನಿನ ಬಣ್ಣದಲ್ಲಿಯೇ ಇರುತ್ತದೆ. ಆದ್ದರಿಂದ ಮುಂಗಾರು ಬೆಳೆಯ ಕಟಾವು ನಡೆಯುವ ನವೆಂಬರ್ ಕೊನೆ ಮತ್ತು ಡಿಸೆಂಬರಿನಲ್ಲಿ ಮೂರು ನಾಲ್ಕು ದಿನದ ಒಳ್ಳೆಯ ಬಿಸಿಲು ಬೀಳುವವರೆಗೆ ನಾನು ಯಂತ್ರವನ್ನು ಗದ್ದೆಗೆ ಇಳಿಸುವುದಿಲ್ಲ. ಸಾಲು ದಪ್ಪವಾಗಿದ್ದರೆ ನಡುವೆ ಒಮ್ಮೆ ಮಗುಚಿ ಹಾಕಿಸುತ್ತೇನೆ, ಏಕೆಂದರೆ ಮೇಲ್ಪದರ ಗರಿಗರಿಯಾಗಿದ್ದರೂ ನೆಲಕ್ಕೆ ತಾಗಿದ ಹುಲ್ಲು ಗದ್ದೆಯ ತೇವವನ್ನು ಹೀರುತ್ತಲೇ ಇರುತ್ತದೆ. ಬೇಸಿಗೆ ಬೆಳೆಯ ಹುಲ್ಲು ಏಪ್ರಿಲ್, ಮೇ ಬಿಸಿಲಿಗೆ ಎರಡು ದಿನದಲ್ಲಿ ಒಣಗುತ್ತದೆ, ಆದರೆ ಆಗ ಸಂಜೆಯ ಗುಡುಗು ಮಳೆಯ ಭಯವಿರುತ್ತದೆ.

ಒಣಗು ನೋಡಲು ನಾನು ಎರಡು ವಿಧಾನ ಅನುಸರಿಸುತ್ತೇನೆ. ಸಾಲಿನ ಅಡಿಯಿಂದ ಒಂದು ಹಿಡಿ ಹುಲ್ಲು ತೆಗೆದು ಹಗ್ಗ ಹೊಸೆದಂತೆ ತಿರುಚುವುದು ಮೊದಲನೆಯದು. ಎರಡು ಮೂರು ತಿರುವಿಗೆ ಚಟಚಟ ಮುರಿದರೆ ಒಣಗಿದೆ, ಮೆತ್ತಗೆ ಬಾಗುತ್ತಲೇ ಹೋದರೆ ಇನ್ನೂ ಒಂದು ಬಿಸಿಲು ಬೇಕು. ಕಡ್ಡಿಯ ಗಿಣ್ಣನ್ನು ಉಗುರಿನಿಂದ ಒತ್ತಿ ನೋಡುವುದನ್ನು ಮರೆಯಬಾರದು, ಕಡೆಯಲ್ಲಿ ಒಣಗುವುದು ಗಿಣ್ಣು. ಸಂಶಯ ಉಳಿದರೆ ಒಣಗಿದ ಗಾಜಿನ ಬಾಟಲಿಗೆ ಸಣ್ಣಗೆ ಕತ್ತರಿಸಿದ ಹುಲ್ಲು ಮತ್ತು ಹುರಿದು ಆರಿಸಿದ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಕೆಲವು ನಿಮಿಷ ಅಲುಗಾಡಿಸುತ್ತೇನೆ. ಉಪ್ಪು ಬಿಡಿಬಿಡಿಯಾಗಿ ತಳ ಸೇರಿದರೆ ಸುತ್ತಬಹುದು. ಗಂಟುಗಟ್ಟಿದರೆ, ಗಾಜಿಗೆ ಮೆತ್ತಿಕೊಂಡರೆ ತೇವ ಹೆಚ್ಚಿದೆ ಎಂದರ್ಥ.

ಬೆಳಿಗ್ಗೆ ಇಬ್ಬನಿ ಆರುವವರೆಗೆ ಕೆಲಸವಿಲ್ಲ. ಹತ್ತೂವರೆ ಹನ್ನೊಂದಕ್ಕೆ ಪ್ರಾರಂಭಿಸಿದರೆ ಸೂರ್ಯ ಮುಳುಗಿ ಹುಲ್ಲು ಮತ್ತೆ ಮೆತ್ತಗಾಗುವ ತನಕ ಓಡಿಸಬಹುದು. ಯಂತ್ರದ ಮುಂದಿನ ಹಲ್ಲುಗಳು ನೆಲದಿಂದ ಎರಡು ಬೆರಳಿನಷ್ಟು ಮೇಲಿರಬೇಕು. ಕೆಳಗಿಳಿದರೆ ಮಣ್ಣು ಎದ್ದು ಮೇವಿಗೆ ಬೆರೆಯುತ್ತದೆ, ಮೇಲೇರಿದರೆ ಹುಲ್ಲು ಗದ್ದೆಯಲ್ಲಿಯೇ ಉಳಿಯುತ್ತದೆ. ಸಾಲು ಯಾವಾಗಲೂ ಬಾಯಿಯ ಒಂದೇ ಬದಿಗೆ ಹೋಗುತ್ತಿದ್ದರೆ ರೋಲ್ ಒಂದು ಕಡೆ ದಪ್ಪವಾಗಿ ಇನ್ನೊಂದು ಕಡೆ ಸಡಿಲವಾಗುತ್ತದೆ, ಆದ್ದರಿಂದ ಟ್ರ್ಯಾಕ್ಟರನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸುತ್ತ ನಡೆಸಬೇಕು. ಒಳಗೆ ಹುಲ್ಲು ತುಂಬಿದಾಗ ಗಂಟೆ ಬಾರಿಸುತ್ತದೆ. ಆಗ ಟ್ರ್ಯಾಕ್ಟರ್ ನಿಲ್ಲಿಸಿ, ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಯಂತ್ರಕ್ಕೆ ಕೊಡುವ ಶಾಫ್ಟ್) ಮಾತ್ರ ತಿರುಗುವಂತೆ ಬಿಟ್ಟರೆ ಸುತಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುತ್ತಿಕೊಂಡು ಹೋಗುತ್ತದೆ. ಬಳಿಕ ಹಿಂದಿನ ಬಾಗಿಲು ತೆರೆದು ರೋಲ್ ಕೆಳಗುರುಳುತ್ತದೆ. ಹುಲ್ಲು ಸಿಕ್ಕಿಕೊಂಡಾಗ ಎಂಜಿನ್ ಆರಿಸದೆ ಯಾರೂ ಯಂತ್ರದ ಬಾಯಿಗೆ ಕೈ ಹಾಕಕೂಡದೆಂಬ ಕಟ್ಟುನಿಟ್ಟು ನಮ್ಮಲ್ಲಿದೆ. ತಿರುಗುವ ಶಾಫ್ಟ್‌ಗೆ ಲುಂಗಿಯ ಅಥವಾ ಟವೆಲ್ಲಿನ ತುದಿ ಸಿಕ್ಕರೆ ಮನುಷ್ಯನನ್ನು ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ.

ಸುತಳಿಯ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಪ್ಲಾಸ್ಟಿಕ್ ದಾರ ಅಗ್ಗವಾಗಿದ್ದು, ಇಲಿ ಕಡಿಯದೆ ಬಾಳಿಕೆ ಬರುತ್ತದೆಂಬುದು ನಿಜ. ಆದರೆ ಬಿಚ್ಚಿದ ದಾರ ಗೋದಲಿಯಲ್ಲಿ ಉಳಿದು ಮೇವಿನೊಡನೆ ದನದ ಹೊಟ್ಟೆ ಸೇರಿದರೆ ಅದು ಕರಗುವುದೂ ಇಲ್ಲ, ಹೊರಬರುವುದೂ ಕಷ್ಟ. ಮೂಕ ಪ್ರಾಣಿಗೆ ಹೀಗೆ ತೊಂದರೆಯಾಗುವುದು ನನ್ನ ಮನಸ್ಸಿಗೆ ಒಗ್ಗದ್ದರಿಂದ ಸೆಣಬಿನ ಸುತಳಿಯನ್ನೇ ಬಳಸುತ್ತೇನೆ. ಗೋಶಾಲೆಯವರು ಈಗ ಇದನ್ನೇ ಕೇಳಿ ಪಡೆಯುತ್ತಾರೆ.

ಸುತ್ತಿದ ರೋಲ್‌ಗಳನ್ನು ರಾತ್ರಿ ಗದ್ದೆಯಲ್ಲಿ ಬಿಡುವುದಿಲ್ಲ. ಎತ್ತರದ ಜಾಗದಲ್ಲಿ ಜಾಲಿಯ ದಿಮ್ಮಿ ಅಥವಾ ಕಲ್ಲುಚಪ್ಪಡಿ ಹಾಸಿ, ಅದರ ಮೇಲೆ ರೋಲ್‌ಗಳನ್ನು ಅಡ್ಡಡ್ಡ ಮಲಗಿಸಿ, ಮೇಲೆ ಹೋದಂತೆ ಕಿರಿದಾಗುವಂತೆ ಒಟ್ಟಿ ತಾಡಪಾಲು ಹೊದಿಸುತ್ತೇವೆ. ರೋಲನ್ನು ನಿಲ್ಲಿಸಿ ಇಟ್ಟರೆ ಮಳೆಯ ನೀರು ನೇರವಾಗಿ ನಡುವಿಗೆ ಇಳಿಯುತ್ತದೆ. ಎಲ್ಲವನ್ನೂ ಒಂದೇ ಬಣವೆ ಮಾಡದೆ, ನಡುವೆ ಟ್ರ್ಯಾಕ್ಟರ್ ಓಡಾಡುವಷ್ಟು ಜಾಗ ಬಿಟ್ಟು, ಕರೆಂಟ್ ತಂತಿಯಿಂದ ದೂರದಲ್ಲಿ ಮೂರು ನಾಲ್ಕಾಗಿ ಒಟ್ಟುವುದು ಬೆಂಕಿಯ ದೃಷ್ಟಿಯಿಂದ ಒಳ್ಳೆಯದು.

ಮಾರಾಟದಲ್ಲಿ ಎಣಿಕೆಯ ಲೆಕ್ಕವೇ ನಮ್ಮ ಕಡೆ ರೂಢಿಯಲ್ಲಿದೆ. ರೋಲ್‌ಗೆ ಇಷ್ಟು ಎಂದು ಮಾತಾಗುತ್ತದೆ. ಎಣಿಕೆಯಲ್ಲಿ ಮಾರುವವನಿಗೆ ಸಡಿಲವಾಗಿ ಸುತ್ತುವ ಆಸೆ ಹುಟ್ಟುತ್ತದೆ, 15 ಕಿಲೋ ರೋಲ್‌ಗೂ 25 ಕಿಲೋ ರೋಲ್‌ಗೂ ಒಂದೇ ಬೆಲೆ ಬೀಳುತ್ತದೆ. ಆದ್ದರಿಂದ ನಾನು ಕಾಟಾ ಮಾಡಿಸಿ ಕ್ವಿಂಟಲ್ ಲೆಕ್ಕದಲ್ಲಿ ಕೊಡುತ್ತೇನೆ, ಖಾಲಿ ಗಾಡಿಯ ಮತ್ತು ತುಂಬಿದ ಗಾಡಿಯ ಚೀಟಿಗಳೆರಡನ್ನೂ ಕೊಳ್ಳುವವರ ಕೈಗಿಡುತ್ತೇನೆ. ತೂಕದಲ್ಲಿ ಮಾರುವಾಗ ಒದ್ದೆ ಹುಲ್ಲು ಮಾರುವವನಿಗೆ ಲಾಭವೆಂದು ತೋರುವುದರಿಂದ, ಕೊಳ್ಳುವವರು ತಮಗೆ ಬೇಕಾದ ರೋಲ್ ಆರಿಸಿ ಬಿಚ್ಚಿ ನೋಡಬಹುದೆಂದು ಮೊದಲೇ ಹೇಳಿರುತ್ತೇನೆ. ಕುಷ್ಟಗಿ ಕಡೆಯ ಹಿರಿಯರೊಬ್ಬರು ಮೊದಲ ಬಾರಿ ಬಂದಾಗ ಮೇಲಿನ ಸಾಲನ್ನು ಮುಟ್ಟಲೇ ಇಲ್ಲ. "ತಮ್ಮಾ, ಆ ಅಡಿಗಿಂದು ಒಂದು ಎಳಿ, ಬಿಚ್ಚಿ ನೋಡೂಣು" ಎಂದು ತಳದ ರೋಲ್ ತೆಗೆಸಿ, ಸುತಳಿ ಕೊಯ್ದು, ನಡುವಿಗೆ ಮೊಣಕೈವರೆಗೆ ಕೈ ತೂರಿಸಿ ಸ್ವಲ್ಪ ಹೊತ್ತು ಹಾಗೆಯೇ ಇಟ್ಟರು. ಕಾವಿಲ್ಲವೆಂದು ಖಚಿತವಾದ ಮೇಲೆ ಒಂದು ಹಿಡಿ ಹೊರತೆಗೆದು ಮೂಸಿ, ಕೊಡವಿ ಮಣ್ಣು ಉದುರುತ್ತದೆಯೇ ಎಂದು ಅಂಗೈ ನೋಡಿಕೊಂಡರು. ಆಮೇಲೆ ಬೆಲೆಯ ಮಾತು ಬಹಳ ಬೆಳೆಯಲಿಲ್ಲ. ಈಗ ಅವರು ಫೋನಿನಲ್ಲಿಯೇ ಲೋಡ್ ಹೇಳುತ್ತಾರೆ.

ಕಟಾವಿನ ಸಮಯದಲ್ಲಿ ಎಲ್ಲರ ಹುಲ್ಲೂ ಮಾರುಕಟ್ಟೆಗೆ ಬರುವುದರಿಂದ ಬೆಲೆ ಬಿದ್ದಿರುತ್ತದೆ, ಫೆಬ್ರುವರಿಯ ನಂತರ ಏರತೊಡಗುತ್ತದೆ. ಕೈಯಲ್ಲಿ ಹಣ ಬೇಕಾದಷ್ಟನ್ನು ಆಗಲೇ ಕೊಟ್ಟು ಉಳಿದದ್ದನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ನನ್ನ ಪದ್ಧತಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ 2023ರ ಬರದಲ್ಲಿ ಇಟ್ಟುಕೊಂಡ ಹುಲ್ಲಿಗೆ ಬಂದ ಬೇಡಿಕೆ ನಾನು ಹಿಂದೆ ಕಂಡಿರಲಿಲ್ಲ. ಆಗಲೂ ಹಳೆಯ ಗಿರಾಕಿಗಳಿಗೆ ಮಾತಾಡಿದ ಬೆಲೆಗೇ ಕೊಟ್ಟೆ. ಅವರು ಒಳ್ಳೆಯ ಮಳೆಯ ವರ್ಷದಲ್ಲಿಯೂ ನನ್ನಲ್ಲಿಗೇ ಬರುವುದಕ್ಕೆ ಅದೂ ಒಂದು ಕಾರಣ.

ಹೈನುಗಾರಿಕೆಯವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ 3–4 ಮಾತ್ರ, ಸಿಲಿಕಾ (ಮರಳಿನ ಅಂಶ) ಹೆಚ್ಚು. ಜೋಳದ ಕಣಿಕೆಗೆ ಇದು ಸಮನಲ್ಲ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50–60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟರೆ ಅದರ ಪೋಷಣೆ ಹೆಚ್ಚುತ್ತದೆ. ತಿನ್ನಿಸುವ ಮೊದಲು ಸ್ವಲ್ಪ ಹೊತ್ತು ಹರಡಿ ಘಾಟು ಹೋಗಲು ಬಿಡಬೇಕು, ಆರು ತಿಂಗಳೊಳಗಿನ ಕರುಗಳಿಗೆ ಕೊಡಬಾರದು.

ಹುಲ್ಲು ಮಾರಿದವನು ಗದ್ದೆಯ ಲೆಕ್ಕವನ್ನೂ ನೋಡಬೇಕು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಬೆಳೆಗೆ ಬೇಕಾದ ಪೋಷಕಾಂಶವಾದ ಪೊಟ್ಯಾಶ್ ಸುಮಾರು 25 ಕಿಲೋ ಇರುತ್ತದೆಂದು ಕೃಷಿ ತಜ್ಞರು ಹೇಳುತ್ತಾರೆ. ಸುಟ್ಟರೆ ಹೊಗೆ ಮತ್ತು ಸಾರಜನಕದ ನಷ್ಟ. ಮಾರಿದರೆ ಲಾರಿಯೊಡನೆ ಪೊಟ್ಯಾಶ್ ಕೂಡ ಊರು ಬಿಡುತ್ತದೆ. ಇದಕ್ಕಾಗಿ ಬೇರಿನ ಮೇಲಿನ ಕೂಳೆಯನ್ನು ಎತ್ತರವಾಗಿಯೇ ಉಳಿಸಿ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸುತ್ತೇನೆ, ಮತ್ತು ಹುಲ್ಲಿನ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಬೇಸಿಗೆಯಲ್ಲಿ ಗದ್ದೆ ಖಾಲಿ ಇದ್ದಾಗ ಕುರಿಗಾರರನ್ನು ಕರೆಸಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸುತ್ತೇನೆ. ಅವರಿಗೆ ಕೊಡುವ ಹಣ ಮತ್ತು ಕಾಳಿನ ಖರ್ಚನ್ನು ರೋಲ್‌ನ ಬೆಲೆಯಲ್ಲಿಯೇ ಸೇರಿಸಿಕೊಂಡಿದ್ದೇನೆ.